ಅಗರ್ತಲಾದ ಜಿಮ್ನಾಸ್ಟಿಕ್ಸ್: ಒಂದು ಊರು ಕಟ್ಟಿದ್ದು, ಒಂದು ದೇಶ ಕಟ್ಟದೆ ಬಿಟ್ಟದ್ದು

2011ರ ಜನಗಣತಿಯಲ್ಲಿ ತ್ರಿಪುರಾದ ಜನಸಂಖ್ಯೆ ಸುಮಾರು 37 ಲಕ್ಷ. ಕರ್ನಾಟಕದ್ದು 6.1 ಕೋಟಿ. ನಮ್ಮ ಬೆಂಗಳೂರು ಒಂದರಲ್ಲೇ ಆ ಇಡೀ ರಾಜ್ಯದ ಎರಡು ಪಟ್ಟಿಗಿಂತ ಜಾಸ್ತಿ ಜನ ಇದ್ದಾರೆ. ಅದರ ರಾಜಧಾನಿ ಅಗರ್ತಲಾಕ್ಕೆ ಬ್ರಾಡ್‌ಗೇಜ್ ರೈಲು ಬಂದದ್ದು 2016ರಲ್ಲಿ. ಅದೇ ವರ್ಷ ಅಗರ್ತಲಾದ ದೀಪಾ ಕರ್ಮಾಕರ್ ರಿಯೊ ಒಲಿಂಪಿಕ್ಸ್‌ಗೆ ಹೋದರು, ವಾಲ್ಟ್ (ಓಡಿ ಬಂದು ಟೇಬಲ್ ಮೇಲೆ ಕೈಯೂರಿ ಹಾರುವ ಸ್ಪರ್ಧೆ) ಫೈನಲ್‌ನಲ್ಲಿ ನಾಲ್ಕನೆಯವರಾದರು. ಭಾರತದ ಜಿಮ್ನಾಸ್ಟ್ ಒಬ್ಬರು ಒಲಿಂಪಿಕ್ಸ್‌ನಲ್ಲಿ ಕಾಣಿಸಿಕೊಂಡು ಆಗಲೇ 52 ವರ್ಷ ಆಗಿತ್ತು. 1952, 1956 ಮತ್ತು 1964ರಲ್ಲಿ ಒಟ್ಟು 11 ಗಂಡಸರು ಹೋಗಿದ್ದರು, ಅಷ್ಟೇ. ಹೆಣ್ಣುಮಕ್ಕಳಲ್ಲಿ ದೀಪಾ ಅವರೇ ಮೊದಲಿಗರು.

ದೆಹಲಿಯಲ್ಲ, ಬೆಂಗಳೂರಲ್ಲ, ಪುಣೆಯೂ ಅಲ್ಲ, ಅಗರ್ತಲಾ. ಇದು ಹೇಗಾಯಿತು? ಒಂದು ಊರಲ್ಲಿ ಆದದ್ದು ದೇಶದಲ್ಲಿ ಯಾಕೆ ಆಗಲಿಲ್ಲ? ಎಂಟು ವರ್ಷ ಬಿಟ್ಟು ಪ್ಯಾರಿಸ್ ಒಲಿಂಪಿಕ್ಸ್ ನಡೆದಾಗ ಭಾರತದಿಂದ ಒಬ್ಬ ಜಿಮ್ನಾಸ್ಟೂ ಇರಲಿಲ್ಲ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಈ ಪ್ರಕರಣ ಅರ್ಥವಾಗುತ್ತದೆ. ದೀಪಾ ಅವರ ಸಾಹಸದ ಕಥೆ ಎಲ್ಲರಿಗೂ ಗೊತ್ತು. ಅದರ ಹಿಂದೆ ಐವತ್ತು ವರ್ಷ ನಡೆದ ಕೆಲಸದ ಬಗ್ಗೆ ಮಾತಾಡುವವರು ಕಡಿಮೆ.

ಒಬ್ಬ ಕೋಚ್ ಬಂದರು, ಅಲ್ಲೇ ಉಳಿದರು

1960ರ ದಶಕದಲ್ಲಿ ಹರಿಯಾಣ ಕಡೆಯ ದಲೀಪ್ ಸಿಂಗ್ ಅನ್ನುವ ಕೋಚ್ ತ್ರಿಪುರಾಕ್ಕೆ ಬಂದರು. ಆಗ ಅದು ಪೂರ್ಣ ರಾಜ್ಯವೂ ಆಗಿರಲಿಲ್ಲ. ಮೂರು ಕಡೆ ಗಡಿ, ರಸ್ತೆ ಕಡಿಮೆ, ದುಡ್ಡು ಇನ್ನೂ ಕಡಿಮೆ. ಇಂಥ ಕಡೆ ಪೋಸ್ಟಿಂಗ್ ಆದವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ವರ್ಗಾವಣೆಗೆ ಅರ್ಜಿ ಹಾಕುವುದು. ದಲೀಪ್ ಸಿಂಗ್ ಅಲ್ಲೇ ಉಳಿದುಬಿಟ್ಟರು. ಹುಡುಗರನ್ನು ಸೇರಿಸಿ ಜಿಮ್ನಾಸ್ಟಿಕ್ಸ್ ಹೇಳಿಕೊಟ್ಟರು. ಇವತ್ತಿಗೂ ತ್ರಿಪುರಾದ ಜಿಮ್ನಾಸ್ಟಿಕ್ಸ್‌ಗೆ ಬುನಾದಿ ಹಾಕಿದವರು ಅಂತ ಅಲ್ಲಿಯವರು ನೆನೆಯುವುದು ಅವರನ್ನೇ.

ಅವರು ಬಂದಾಗ ಅಲ್ಲಿ ಏನೂ ಇರಲಿಲ್ಲ ಅನ್ನುವುದು ಸರಿಯಲ್ಲ. ಅಗರ್ತಲಾದಂಥ ಬಂಗಾಳಿ ಊರುಗಳಲ್ಲಿ ಓಣಿಗೊಂದು ವ್ಯಾಯಾಮ ಸಂಘ ಇರುತ್ತದೆ. ನಮ್ಮ ಮೈಸೂರು, ದಾವಣಗೆರೆ ಕಡೆಯ ಗರಡಿ ಮನೆಗಳಿಗೆ ಹತ್ತಿರದ ಸಂಸ್ಥೆ ಅದು. ಮೈ ಕಟ್ಟುವುದು, ಲಾಗ ಹಾಕುವುದು, ಹಬ್ಬದಲ್ಲಿ ಪ್ರದರ್ಶನ ಕೊಡುವುದು ಎಲ್ಲ ಅಲ್ಲಿ ಮೊದಲೇ ಇತ್ತು. ಮಕ್ಕಳನ್ನು ಸಂಜೆ ಅಲ್ಲಿಗೆ ಕಳಿಸುವುದು ಮನೆಯವರಿಗೆ ಹೊಸದಲ್ಲ. ಕೋಚ್ ತಂದದ್ದು ಅದರ ಮೇಲಿನ ಮೆಟ್ಟಿಲು. ಯಾವ ಚಲನೆ ಮೊದಲು, ಯಾವುದು ಆಮೇಲೆ, ಎಲ್ಲಿ ಕೈ ಕೊಟ್ಟು ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನುವ ಕ್ರಮ.

ಹತ್ತು ವರ್ಷದ ಒಳಗೆ ಫಲ ಕಂಡಿತು. 1975ರಲ್ಲಿ ತ್ರಿಪುರಾದ ಮಂಟು ದೇಬನಾಥ್‌ಗೆ ಅರ್ಜುನ ಪ್ರಶಸ್ತಿ ಬಂತು. ಮುಂದೆ 2000ದಲ್ಲಿ ಅದೇ ರಾಜ್ಯದ ಕಲ್ಪನಾ ದೇಬನಾಥ್‌ಗೆ ಅರ್ಜುನ. ನಡುವೆ ರಾಷ್ಟ್ರೀಯ ಚಾಂಪಿಯನ್ ಆದವರಲ್ಲಿ ಒಬ್ಬರು ಬಿಶ್ವೇಶ್ವರ್ ನಂದಿ. ಇವರು ದಲೀಪ್ ಸಿಂಗ್ ಅವರ ಶಿಷ್ಯ. ಇವರ ಹೆಂಡತಿ ಸೋಮಾ ನಂದಿಯೂ ಕೋಚ್. ದೀಪಾ ಆರು ವರ್ಷದವರಿದ್ದಾಗ ಮೊದಲು ಕೈ ಹಿಡಿದವರು ಸೋಮಾ. ಆಮೇಲೆ ನಂದಿ ಸರ್.

ಈ ಸರಪಳಿಯನ್ನು ಒಮ್ಮೆ ನೋಡಿ. ದಲೀಪ್ ಸಿಂಗ್, ಅವರ ನಂತರ ನಂದಿ ದಂಪತಿ, ಅವರ ನಂತರ ದೀಪಾ. ಮೂರು ತಲೆಮಾರು. ಒಂದು ಕೊಂಡಿಯೂ ಊರು ಬಿಟ್ಟು ಹೋಗಲಿಲ್ಲ. ಆಡಿ ನಿವೃತ್ತರಾದವರು ಅದೇ ಊರಲ್ಲಿ ಕೋಚ್ ಆದರು. ಮಕ್ಕಳನ್ನು ಹುಡುಕಿದ್ದು ಅದೇ ಬೀದಿಗಳಲ್ಲಿ. ಮಗಳನ್ನು ಕಳಿಸುವ ತಂದೆ ತಾಯಿಗೆ ಕೋಚ್ ಮನೆ ಎಲ್ಲಿದೆ ಅಂತ ಗೊತ್ತಿತ್ತು. ಆರು ವರ್ಷದ ಹೆಣ್ಣುಮಗುವನ್ನು ದಿನಾ ಗಂಟೆಗಟ್ಟಲೆ ಒಬ್ಬರ ಕೈಗೆ ಒಪ್ಪಿಸುವ ವಿಷಯ ಅಲ್ವಾ ಇದು? ನಂಬಿಕೆ ಇಲ್ಲದೆ ಈ ಆಟ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ.

ಹಿರಿಯರ ವಿಭಾಗದಲ್ಲಿ ಆಡಬೇಕಾದರೆ ಹುಡುಗಿಗೆ ಆ ವರ್ಷ 16 ತುಂಬಬೇಕು ಅನ್ನುವುದು ಅಂತಾರಾಷ್ಟ್ರೀಯ ನಿಯಮ. ಆರಕ್ಕೆ ಸೇರಿದ ಮಗು ಹತ್ತು ವರ್ಷ ಕಾಯಬೇಕು. ಕೋಚ್ ಮೂರು ವರ್ಷಕ್ಕೊಮ್ಮೆ ಬದಲಾಗುವ ಕಡೆ ಆ ಮಗು ಮೂರು ನಾಲ್ಕು ಸಲ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅಗರ್ತಲಾದಲ್ಲಿ ಅದು ಆಗಲಿಲ್ಲ. ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಇಲ್ಲಿದೆ.

ಸ್ಕೂಟರಿನ ಬಿಡಿಭಾಗ, ಒಟ್ಟಿದ ಮ್ಯಾಟು

ದೀಪಾ ಹುಟ್ಟಿದ್ದು 1993ರ ಆಗಸ್ಟ್ 9ರಂದು. ತಂದೆ ದುಲಾಲ್ ಕರ್ಮಾಕರ್ ವೇಟ್‌ಲಿಫ್ಟಿಂಗ್ ಕೋಚ್. ಮಗಳಿಗೆ ಚಪ್ಪಟೆ ಪಾದ. ಅಂಗಾಲಿನಲ್ಲಿ ಕಮಾನು ಇಲ್ಲದಿದ್ದರೆ ಚಿಮ್ಮುವುದಕ್ಕೂ ಕಷ್ಟ, ಇಳಿದು ನಿಲ್ಲುವುದಕ್ಕೂ ಕಷ್ಟ. ಅಭ್ಯಾಸದಿಂದಲೇ ಅದನ್ನು ಸರಿದೂಗಿಸಬೇಕಾಯಿತು.

ಮೊದಲು ಕಲಿತದ್ದು ವಿವೇಕಾನಂದ ವ್ಯಾಯಾಮಾಗಾರದಲ್ಲಿ. ಅಲ್ಲಿ ಸರಿಯಾದ ವಾಲ್ಟ್ ಸಲಕರಣೆ ಇರಲಿಲ್ಲ. ಹಳೆ ಸ್ಕೂಟರಿನ ಬಿಡಿಭಾಗ ಹಾಕಿ ಅಲ್ಲಿಯವರೇ ಚಿಮ್ಮುವ ಸ್ಪ್ರಿಂಗ್ ಬೋರ್ಡ್ ಒಂದನ್ನು ಮಾಡಿಕೊಂಡರು. ಈ ವಿಷಯ ಆಮೇಲೆ ಪತ್ರಿಕೆಗಳಲ್ಲೆಲ್ಲ ಬಂತು. ಓದಿದವರು ಮೆಚ್ಚಿದರು. ನನಗೆ ಅದನ್ನು ಮೆಚ್ಚುವುದಕ್ಕೆ ಮನಸ್ಸು ಬರುವುದಿಲ್ಲ. ವಾಲ್ಟ್‌ನಲ್ಲಿ 25 ಮೀಟರ್ ಓಡಿ ಬಂದು ಮಗು ತನ್ನ ಇಡೀ ಭಾರ ಹಾಕುವುದು ಆ ಸ್ಪ್ರಿಂಗ್ ಬೋರ್ಡಿನ ಮೇಲೆ. ಅದು ಪ್ರತಿ ಸಲ ಒಂದೇ ಥರ ಚಿಮ್ಮಬೇಕು. ಒಂದು ಸಲ ಜಾಸ್ತಿ, ಒಂದು ಸಲ ಕಮ್ಮಿ ಆದರೆ ಗಾಳಿಯಲ್ಲಿ ಲೆಕ್ಕ ತಪ್ಪುತ್ತದೆ. ಮನೆಯಲ್ಲಿ ಮಾಡಿದ ಬೋರ್ಡಿನ ಮೇಲೆ ಕಲಿತ ಮಕ್ಕಳು ಗಟ್ಟಿಯಾದರು ನಿಜ. ಎಷ್ಟು ಮಕ್ಕಳು ಹೆದರಿ ಬಿಟ್ಟುಹೋದರು ಅನ್ನುವುದನ್ನು ಯಾರೂ ಬರೆದಿಡುವುದಿಲ್ಲ.

2008ರಲ್ಲಿ ಜಲ್ಪೈಗುರಿಯಲ್ಲಿ ನಡೆದ ಜೂನಿಯರ್ ನ್ಯಾಷನಲ್ಸ್‌ನಲ್ಲಿ ದೀಪಾ ಗೆದ್ದರು. 2011ರ ಜಾರ್ಖಂಡ್ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ವಾಲ್ಟ್, ಬಾರ್ಸ್ (ಎತ್ತರ ತಗ್ಗಿನ ಎರಡು ಅಡ್ಡಕೋಲು), ಬೀಮ್ (ಕಿರಿದಾದ ತೊಲೆ), ಫ್ಲೋರ್ (ನೆಲದ ಮೇಲಿನ ಆಟ) ನಾಲ್ಕರಲ್ಲೂ ಚಿನ್ನ, ನಾಲ್ಕರ ಅಂಕ ಕೂಡಿಸುವ ಆಲ್‌ರೌಂಡ್‌ನಲ್ಲೂ ಚಿನ್ನ. ಈ ಐದು ಚಿನ್ನ ದೀಪಾ ಎಷ್ಟು ಎತ್ತರದವರು ಅಂತ ತೋರಿಸುತ್ತದೆ. ಅವರ ಸುತ್ತ ಎಷ್ಟು ಜನ ಇರಲಿಲ್ಲ ಅನ್ನುವುದನ್ನೂ ತೋರಿಸುತ್ತದೆ. ಆಟ ಬೆಳೆದ ದೇಶದಲ್ಲಿ ಬಾರ್ಸ್ ಗೆಲ್ಲುವವಳು ಬೇರೆ, ಬೀಮ್ ಗೆಲ್ಲುವವಳು ಬೇರೆ ಆಗಿರುತ್ತಾಳೆ.

ಇದೇ ಹೊತ್ತಿಗೆ ದೇಶದ ಮಟ್ಟದಲ್ಲೂ ಸ್ವಲ್ಪ ಚಲನೆ ಕಂಡಿತ್ತು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮುಂಚೆ ಅಮೆರಿಕದ ಕೋಚ್ ಜಿಮ್ ಹೋಲ್ಟ್ ಬಂದರು, ಹೊಸ ಸಲಕರಣೆ ಬಂತು. ಅಲಹಾಬಾದಿನ ಆಶಿಶ್ ಕುಮಾರ್ ವಾಲ್ಟ್‌ನಲ್ಲಿ ಬೆಳ್ಳಿ, ಫ್ಲೋರ್‌ನಲ್ಲಿ ಕಂಚು ಗೆದ್ದರು. ಜಿಮ್ನಾಸ್ಟಿಕ್ಸ್‌ನಲ್ಲಿ ಭಾರತಕ್ಕೆ ಅವು ಮೊದಲ ಕಾಮನ್‌ವೆಲ್ತ್ ಪದಕಗಳು. ಅದೇ ವರ್ಷ ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ ಮತ್ತೊಂದು ಕಂಚು. ಕೂಟ ಮುಗಿಯಿತು. ಹೋಲ್ಟ್ ಮುಂದುವರಿಯಲಿಲ್ಲ. ಫೆಡರೇಷನ್‌ನಲ್ಲಿ ಬಣಗಳ ಜಗಳ ಶುರುವಾಯಿತು. ಕೇಂದ್ರ ಕ್ರೀಡಾ ಸಚಿವಾಲಯ ಅದರ ಮಾನ್ಯತೆ ತೆಗೆದುಹಾಕಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2021ರಲ್ಲಿ. ಅಂದರೆ ದೀಪಾ ರಿಯೊಗೆ ಹೋಗುವಾಗ ಅವರ ಆಟಕ್ಕೆ ದೇಶದಲ್ಲಿ ಸರ್ಕಾರ ಒಪ್ಪಿದ ಒಂದು ಫೆಡರೇಷನ್ ಕೂಡ ಇರಲಿಲ್ಲ.

ಪ್ರೊಡುನೋವಾ ಯಾಕೆ?

ಈ ಪ್ರಕರಣದ ತಿರುವು ಇಲ್ಲಿದೆ. ಸ್ವಲ್ಪ ನಿಧಾನವಾಗಿ ನೋಡೋಣ.

ಜಿಮ್ನಾಸ್ಟಿಕ್ಸ್‌ನಲ್ಲಿ ಅಂಕ ಎರಡು ಭಾಗವಾಗಿ ಬರುತ್ತದೆ. ಮಾಡಿದ್ದು ಎಷ್ಟು ಕಷ್ಟದ್ದು ಅನ್ನುವುದಕ್ಕೆ ಡಿ ಸ್ಕೋರ್. ಎಷ್ಟು ಚೊಕ್ಕವಾಗಿ ಮಾಡಿದರು ಅನ್ನುವುದಕ್ಕೆ ಇ ಸ್ಕೋರ್, ಅದು 10ರಿಂದ ಇಳಿಯುತ್ತಾ ಹೋಗುತ್ತದೆ. ಮಂಡಿ ಬಾಗಿದರೆ ಕಡಿತ, ಕಾಲು ಬೇರೆಯಾದರೆ ಕಡಿತ, ಇಳಿದ ಮೇಲೆ ಹೆಜ್ಜೆ ಇಟ್ಟರೆ ಕಡಿತ. ಎರಡನ್ನೂ ಕೂಡಿಸಿದರೆ ಒಟ್ಟು ಅಂಕ.

ಚೊಕ್ಕತನ ಅನ್ನುವುದು ವರ್ಷಗಟ್ಟಲೆ ಒಳ್ಳೆ ಸಲಕರಣೆಯ ಮೇಲೆ, ಒಳ್ಳೆ ಸ್ಪರ್ಧೆಗಳಲ್ಲಿ, ದೊಡ್ಡ ತೀರ್ಪುಗಾರರ ಕಣ್ಣೆದುರು ಆಡಿ ಆಡಿ ಬರುವಂಥದ್ದು. ಅಗರ್ತಲಾದಲ್ಲಿ ಅದಕ್ಕೆ ದಾರಿ ಇರಲಿಲ್ಲ. ಕಷ್ಟದ ಚಲನೆ ಕಲಿಯುವುದಕ್ಕೆ ಬೇಕಾದದ್ದು ಒಬ್ಬ ಧೈರ್ಯವಂತ ಆಟಗಾರ್ತಿ, ಹಟ ಹಿಡಿದ ಕೋಚ್ ಮತ್ತು ಓಡಿ ಬರುವುದಕ್ಕೆ ಒಂದು ದಾರಿ. ಅದು ಅಲ್ಲಿ ಇತ್ತು. ನಂದಿ ಸರ್ ಆರಿಸಿಕೊಂಡದ್ದು ಪ್ರೊಡುನೋವಾ.

1999ರಲ್ಲಿ ರಷ್ಯಾದ ಯೆಲೆನಾ ಪ್ರೊಡುನೋವಾ ಮೊದಲು ಮಾಡಿ ತೋರಿಸಿದ ವಾಲ್ಟ್ ಅದು. ಓಡಿ ಬಂದು, ಬೋರ್ಡ್ ಮೆಟ್ಟಿ, 125 ಸೆಂಟಿಮೀಟರ್ ಎತ್ತರದ ಟೇಬಲ್ ಮೇಲೆ ಕೈಯೂರಿ ಚಿಮ್ಮಬೇಕು. ಗಾಳಿಯಲ್ಲಿ ಮಂಡಿ ಮಡಚಿಕೊಂಡು ಮುಂದಕ್ಕೆ ಎರಡು ಪೂರ್ತಿ ಲಾಗ. ಆಮೇಲೆ ಕಾಲ ಮೇಲೆ ಇಳಿಯಬೇಕು. ಹಿಂದಕ್ಕೆ ಲಾಗ ಹಾಕುವಾಗ ನೆಲ ಕೊನೆಗೆ ಕಣ್ಣಿಗೆ ಬೀಳುತ್ತದೆ, ಕಾಲು ಯಾವಾಗ ಚಾಚಬೇಕು ಅಂತ ತಿಳಿಯುತ್ತದೆ. ಮುಂದಕ್ಕೆ ಹಾಕುವಾಗ ನೆಲ ಕಾಣುವುದಿಲ್ಲ. ಮೈ ಹೇಳಿದ್ದನ್ನು ನಂಬಿ ಕಾಲು ಬಿಡಬೇಕು. ಲಾಗ ಅರ್ಧ ಉಳಿದರೆ ಬೀಳುವುದು ಕುತ್ತಿಗೆ ಅಥವಾ ಬೆನ್ನ ಮೇಲೆ. ಅದಕ್ಕೇ ಇದಕ್ಕೆ ಸಾವಿನ ವಾಲ್ಟ್ ಅನ್ನುವ ಹೆಸರು ಅಂಟಿಕೊಂಡಿತು. ಆಗಿನ ನಿಯಮದಲ್ಲಿ ಇದರ ಡಿ ಸ್ಕೋರ್ 7.0. ಹೆಂಗಸರ ವಾಲ್ಟ್‌ನಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ.

ಇಂಥದ್ದನ್ನು ಬೇರೆ ದೇಶದಲ್ಲಿ ಕಲಿಸುವುದು ಫೋಮ್ ಪಿಟ್‌ನಲ್ಲಿ. ಅಂದರೆ ಸ್ಪಂಜಿನ ತುಂಡುಗಳನ್ನು ತುಂಬಿದ ದೊಡ್ಡ ಗುಂಡಿ. ಅದರಲ್ಲಿ ಬಿದ್ದರೆ ಮಂಡಿಗೂ ಪೆಟ್ಟಿಲ್ಲ, ಕುತ್ತಿಗೆಗೂ ಪೆಟ್ಟಿಲ್ಲ. ಸಾವಿರ ಸಲ ಬೀಳಬಹುದು. ಅಗರ್ತಲಾದಲ್ಲಿ ದೀಪಾ ಕಲಿತದ್ದು ಒಂದರ ಮೇಲೊಂದು ಒಟ್ಟಿದ ಮ್ಯಾಟುಗಳ ಮೇಲೆ. ಮ್ಯಾಟಿನ ಮೇಲೆ ಇಳಿದ ಪ್ರತಿ ಸಲವೂ ಮಂಡಿ, ಪಾದ, ಸೊಂಟ ಲೆಕ್ಕ ಬರೆದಿಟ್ಟುಕೊಳ್ಳುತ್ತವೆ.

2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಆ ವಾಲ್ಟ್ ಕೈಹಿಡಿಯಿತು. ಕಂಚು ಬಂತು, ಜಿಮ್ನಾಸ್ಟಿಕ್ಸ್‌ನಲ್ಲಿ ಭಾರತದ ಹೆಣ್ಣುಮಗಳಿಗೆ ಅಲ್ಲಿ ಮೊದಲ ಪದಕ. 2015ರಲ್ಲಿ ಹಿರೋಶಿಮಾದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು. ಅದೇ ವರ್ಷ ವಿಶ್ವ ಚಾಂಪಿಯನ್‌ಶಿಪ್‌ನ ವಾಲ್ಟ್ ಫೈನಲ್‌ನಲ್ಲಿ ಐದನೇ ಸ್ಥಾನ. 2016ರ ಏಪ್ರಿಲ್‌ನಲ್ಲಿ ರಿಯೊ ಅರ್ಹತಾ ಸ್ಪರ್ಧೆಯಲ್ಲಿ 52.698 ಅಂಕ, ಒಲಿಂಪಿಕ್ಸ್‌ಗೆ ಟಿಕೆಟ್.

ನಂದಿ ಸರ್ ಮಾಡಿದ್ದು ಸರಿಯಾ? ಅವರ ಜಾಗದಲ್ಲಿ ನಿಂತು ನೋಡಿದರೆ ಸರಿ ಅಂತಲೇ ನನಗೆ ಅನ್ನಿಸುತ್ತದೆ. ಇದ್ದದ್ದು ಒಬ್ಬ ಹುಡುಗಿ. ತಂಡ ಇಲ್ಲ, ಫೆಡರೇಷನ್ ಇಲ್ಲ, ವಿದೇಶಿ ಸ್ಪರ್ಧೆ ಕೈಬೆರಳಿನಲ್ಲಿ ಎಣಿಸುವಷ್ಟು. ಗಮನ ಸೆಳೆಯಬೇಕಾದರೆ ಬೇರೆಯವರು ಮಾಡದೇ ಇರುವುದನ್ನು ಮಾಡಬೇಕು. ಆದರೆ ಇನ್ನೊಬ್ಬ ಕೋಚ್ ಇದೇ ದಾರಿ ಹಿಡಿಯಲಿ ಅಂತ ಹೇಳಲಾರೆ. ಫೋಮ್ ಪಿಟ್ ಇಲ್ಲದ ಕಡೆ ಪ್ರೊಡುನೋವಾ ಕಲಿಸಬಾರದು. ಇದರಲ್ಲಿ ಚರ್ಚೆಗೆ ಜಾಗ ಇಲ್ಲ.

ರಿಯೊದ ಅಂಕಪಟ್ಟಿ ಹೇಳಿದ್ದು

ಎಲ್ಲರಿಗೂ ನೆನಪಿರುವುದು ಆಗಸ್ಟ್ 14ರ ಫೈನಲ್. ನಾನು ಅದಕ್ಕಿಂತ ಒಂದು ವಾರ ಮುಂಚಿನ ಅರ್ಹತಾ ಸುತ್ತಿನ ಅಂಕ ನೋಡಿ ಅನ್ನುತ್ತೇನೆ. ವಾಲ್ಟ್ 15.100. ಬಾರ್ಸ್ 11.666. ಬೀಮ್ 12.866. ಫ್ಲೋರ್ 12.033. ಒಟ್ಟು 51.665. ಆಲ್‌ರೌಂಡ್‌ನಲ್ಲಿ 51ನೇ ಸ್ಥಾನ.

ವಾಲ್ಟ್‌ನಲ್ಲಿ ಎರಡು ಪ್ರಯತ್ನದ ಸರಾಸರಿ 14.850, ಎಂಟನೇ ಸ್ಥಾನ. ಫೈನಲ್‌ಗೆ ಕೊನೆಯವರಾಗಿ ಸೇರಿದರು. ಒಂದೇ ಹುಡುಗಿ, ಒಂದೇ ದಿನ, ಒಂದೇ ಹಾಲ್. ವಾಲ್ಟ್‌ನಲ್ಲಿ ಜಗತ್ತಿನ ಎಂಟರಲ್ಲಿ ಒಬ್ಬರು. ಬಾರ್ಸ್‌ನಲ್ಲಿ ಬಹಳ ಹಿಂದೆ.

ಇದು ದೀಪಾ ಅವರ ಕೊರತೆ ಅಲ್ಲ. ವಾಲ್ಟ್‌ಗೆ ಒಂದು ಓಡುವ ದಾರಿ, ಬೋರ್ಡ್, ಟೇಬಲ್, ಮ್ಯಾಟ್ ಇದ್ದರೆ ಇಪ್ಪತ್ತು ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರಾಗಿ ಹಾರಬಹುದು. ಬಾರ್ಸ್ ಹಾಗಲ್ಲ. ಎತ್ತರದ್ದು 250 ಸೆಂಟಿಮೀಟರ್, ತಗ್ಗಿನದು 170. ಒಂದು ಸಲಕ್ಕೆ ಒಬ್ಬಳೇ. ಒಂದು ಬಾರ್‌ನಿಂದ ಕೈಬಿಟ್ಟು ಇನ್ನೊಂದನ್ನು ಹಿಡಿಯುವುದನ್ನು ಕಲಿಯುವಾಗ ಕೋಚ್ ಪಕ್ಕದಲ್ಲೇ ನಿಂತು ಹಿಡಿಯಬೇಕು. ಕೆಳಗೆ ಫೋಮ್ ಇರಬೇಕು. ಎರಡು ಮೂರು ಸೆಟ್ ಬಾರ್, ಎರಡು ಮೂರು ಕೋಚ್ ಇಲ್ಲದಿದ್ದರೆ ಮಕ್ಕಳಿಗೆ ಸರದಿಯೇ ಬರುವುದಿಲ್ಲ. ಫ್ಲೋರ್‌ಗೂ ಅಷ್ಟೇ. 12 ಮೀಟರ್ ಉದ್ದ, 12 ಮೀಟರ್ ಅಗಲದ ಸ್ಪ್ರಿಂಗ್ ಹಾಕಿದ ನೆಲ ಬೇಕು. ಗಟ್ಟಿ ನೆಲದ ಮೇಲೆ ಕಾರ್ಪೆಟ್ ಹಾಸಿ ಕಲಿತ ಹುಡುಗಿ ಅಂತಾರಾಷ್ಟ್ರೀಯ ಫ್ಲೋರ್ ಮೇಲೆ ಹೋದಾಗ ಅದು ಬೇರೆಯದೇ ಆಟ ಅನ್ನಿಸುತ್ತದೆ. ಭಾರತದಲ್ಲಿ ಏನಿತ್ತು, ಏನಿರಲಿಲ್ಲ ಅನ್ನುವುದು ಆ ನಾಲ್ಕು ಅಂಕಗಳಲ್ಲಿ ಬರೆದಿಟ್ಟ ಹಾಗಿದೆ. ಆಮೇಲೆ ಭಾರತಕ್ಕೆ ಹೊರದೇಶಗಳಲ್ಲಿ ಪದಕ ತಂದವರೂ ಹೆಚ್ಚಾಗಿ ವಾಲ್ಟ್‌ನಲ್ಲೇ ಗೆದ್ದದ್ದು ಕಾಕತಾಳೀಯ ಅಲ್ಲ.

ಫೈನಲ್‌ಗೆ ಬರೋಣ. ಮೊದಲ ವಾಲ್ಟ್‌ಗೆ 14.866. ಪ್ರೊಡುನೋವಾಗೆ 15.266. ಇಳಿಯುವಾಗ ಬಹಳ ಕೆಳಗೆ ಕೂತ ಹಾಗಾಯಿತು, ಆದರೆ ಪಾದ ಮೊದಲು ನೆಲ ಮುಟ್ಟಿತು. ಸರಾಸರಿ 15.066. ಕಂಚು ಗೆದ್ದ ಸ್ವಿಟ್ಜರ್‌ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್ ಅವರದ್ದು 15.216. ವ್ಯತ್ಯಾಸ 0.150. ಎರಡು ವಾಲ್ಟ್ ಸೇರಿಸಿದರೆ 0.3. ಇಳಿದ ಮೇಲೆ ಇಡುವ ಒಂದು ದೊಡ್ಡ ಹೆಜ್ಜೆಗೆ ಕಡಿತ ಆಗುವುದು ಅಷ್ಟೇ. ಸಾವಿನ ವಾಲ್ಟ್‌ನ ಕಷ್ಟದಿಂದ ಗಳಿಸಿದ್ದು ಚೊಕ್ಕತನದಲ್ಲಿ ಕೈಬಿಟ್ಟುಹೋಯಿತು.

ಆ ವಾರದ ಇನ್ನೊಂದು ಸಂಗತಿ ನನಗೆ ಈಗಲೂ ಚುಚ್ಚುತ್ತದೆ. ಫಿಸಿಯೊ ಸಜ್ಜಾದ್ ಅಹ್ಮದ್ ಅವರನ್ನು ಮೊದಲು ದೀಪಾ ಜೊತೆ ರಿಯೊಗೆ ಕಳಿಸಿರಲಿಲ್ಲ. ಫೈನಲ್‌ಗೆ ಅರ್ಹತೆ ಸಿಕ್ಕ ಮೇಲೆ ಅವಸರದಲ್ಲಿ ಕಳಿಸಿದರು. ಪ್ರೊಡುನೋವಾ ಮಾಡುವ ಹುಡುಗಿಯ ಮಂಡಿ ನೋಡಿಕೊಳ್ಳುವವರು ಬೇಕು ಅಂತ ತಿಳಿಯುವುದಕ್ಕೆ ಫೈನಲ್ ತನಕ ಕಾಯಬೇಕಿತ್ತಾ? ಹುಟ್ಟುಹಬ್ಬದ ದಿನ ಗಮನ ಆಚೀಚೆ ಹೋಗಬಾರದು ಅಂತ ನಂದಿ ಸರ್ ದೀಪಾ ಫೋನಿನ ಸಿಮ್ ತೆಗೆದಿಟ್ಟಿದ್ದರು, ಅಪ್ಪ ಅಮ್ಮನ ಜೊತೆ ಮಾತ್ರ ಮಾತು. ಕೋಚ್ ಕೈಲಾದದ್ದನ್ನೆಲ್ಲ ಮಾಡಿದರು.

ಪ್ರಶಸ್ತಿ ಬಂತು, ಕಾರು ಬಂತು

ದೀಪಾಗೆ ಖೇಲ್ ರತ್ನ, ನಂದಿಯವರಿಗೆ ದ್ರೋಣಾಚಾರ್ಯ, ಮುಂದಿನ ವರ್ಷ ದೀಪಾಗೆ ಪದ್ಮಶ್ರೀ. ಎಲ್ಲಕ್ಕೂ ಅರ್ಹರೇ. ಒಂದು ಬಿಎಂಡಬ್ಲ್ಯು ಕಾರೂ ಉಡುಗೊರೆಯಾಗಿ ಸಿಕ್ಕಿತು. ಅಗರ್ತಲಾದ ರಸ್ತೆಗೆ ಅದು ಹೊಂದುವುದಿಲ್ಲ, ಊರಲ್ಲಿ ಸರ್ವಿಸ್ ಸೆಂಟರ್ ಇಲ್ಲ ಅಂತ ಕುಟುಂಬ ಅದರ ಬದಲು ಹಣ ಪಡೆದು ಬೇರೆ ಕಾರು ತೆಗೆದುಕೊಂಡಿತು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ನೋಡಿ, ಇಡೀ ದೇಶ ಖುಷಿಪಟ್ಟ ಆ ತಿಂಗಳಲ್ಲಿ ಆ ಊರಿಗೆ ಏನು ಬೇಕು ಅಂತ ಕೇಳಿದವರು ಎಷ್ಟು ಜನ?

2017ರಲ್ಲಿ ಮಂಡಿಯ ಲಿಗಮೆಂಟ್ ಹರಿಯಿತು, ಆಪರೇಷನ್ ಆಯಿತು. 2018ರಲ್ಲಿ ಟರ್ಕಿಯ ಮೆರ್ಸಿನ್‌ನಲ್ಲಿ ವರ್ಲ್ಡ್ ಚಾಲೆಂಜ್ ಕಪ್ ಚಿನ್ನ ಗೆದ್ದು ವಾಪಸ್ ಬಂದರು. 2019ರಲ್ಲಿ ಬಾಕುವಿನಲ್ಲಿ ಮತ್ತೆ ಮಂಡಿ. ಆಮೇಲೆ ನಿಷೇಧಿತ ಪದಾರ್ಥ ಸಿಕ್ಕಿತೆಂದು 21 ತಿಂಗಳ ನಿಷೇಧ. ತಿಳಿಯದೆ ಸೇವಿಸಿದ್ದು ಅಂತ ಅವರು ಹೇಳಿದರು. ನಿಷೇಧ ಮುಗಿದದ್ದು 2023ರ ಜುಲೈನಲ್ಲಿ. ಕೂಡಲೇ ಏಷ್ಯನ್ ಗೇಮ್ಸ್ ಆಯ್ಕೆ ಟ್ರಯಲ್ಸ್‌ನಲ್ಲಿ ಮೊದಲಿಗರಾದರು. ಆದರೂ ಹಿಂದಿನ 12 ತಿಂಗಳ ಸಾಧನೆ ನೋಡುವ ನಿಯಮದಿಂದಾಗಿ ತಂಡಕ್ಕೆ ಸೇರಲಿಲ್ಲ. 2024ರ ಮೇ ತಿಂಗಳಲ್ಲಿ ತಾಷ್ಕೆಂಟ್‌ನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ವಾಲ್ಟ್ ಚಿನ್ನ ಗೆದ್ದರು. ಭಾರತಕ್ಕೆ ಅಲ್ಲಿ ಮೊದಲ ಚಿನ್ನ. ಆಗ ಅವರಿಗೆ 30 ವರ್ಷ. ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದರು.

ಬೇರೆಯವರೂ ಇದ್ದಾರೆ. ಹೈದರಾಬಾದಿನ ಅರುಣಾ ಬುದ್ದಾ ರೆಡ್ಡಿ 2018ರಲ್ಲಿ ಮೆಲ್ಬರ್ನ್ ವಿಶ್ವಕಪ್‌ನಲ್ಲಿ ವಾಲ್ಟ್ ಕಂಚು ಗೆದ್ದರು. ಪಶ್ಚಿಮ ಬಂಗಾಳದ ಪಿಂಗ್ಲಾದ ಪ್ರಣತಿ ನಾಯಕ್, ಮಿನಾರಾ ಬೇಗಂ ಅನ್ನುವ ಕೋಚ್ ಕೈಯಲ್ಲಿ ಬೆಳೆದವರು, 2019, 2022 ಮತ್ತು 2025ರಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ವಾಲ್ಟ್ ಕಂಚು ತಂದರು. ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ಒಬ್ಬರೇ ಭಾರತೀಯ ಜಿಮ್ನಾಸ್ಟ್ ಅವರು. ಪ್ರತಿಯೊಬ್ಬರ ಹಿಂದೆಯೂ ಒಂದು ಊರು, ಬಹಳ ವರ್ಷ ಬಿಡದೆ ನಿಂತ ಒಬ್ಬ ಕೋಚ್. ದೇಶದ ವ್ಯವಸ್ಥೆ ಇವರಿಗೆ ಸಿಕ್ಕಿದ್ದು ಗೆದ್ದ ಮೇಲೆ.

ಬ್ರೆಜಿಲ್ ಬೇರೆ ಏನು ಮಾಡಿತು

ಹೋಲಿಸಲು ರಷ್ಯಾ, ಚೀನಾ, ಅಮೆರಿಕ ಬೇಡ. ಬ್ರೆಜಿಲ್ ಸಾಕು. ದೊಡ್ಡ ದೇಶ, ಬಡತನ ಇದೆ, ಒಂದೇ ಆಟದ ಹುಚ್ಚು. ನಮಗೆ ಕ್ರಿಕೆಟ್, ಅವರಿಗೆ ಫುಟ್‌ಬಾಲ್.

2001ರಲ್ಲಿ ಉಕ್ರೇನಿನ ಕೋಚ್ ಒಲೆಗ್ ಒಸ್ತಾಪೆಂಕೊ ಅಲ್ಲಿಗೆ ಬಂದರು. ಕುರಿಟಿಬಾ ಊರಿನಲ್ಲಿ ರಾಷ್ಟ್ರೀಯ ತಂಡಕ್ಕೆ ಕಾಯಂ ಕೇಂದ್ರ ಇತ್ತು. 2003ರಲ್ಲಿ ಡಯಾನೆ ಡೋಸ್ ಸಾಂಟೋಸ್ ಫ್ಲೋರ್‌ನಲ್ಲಿ ವಿಶ್ವ ಚಾಂಪಿಯನ್. ಅಷ್ಟಕ್ಕೇ ಬಿಟ್ಟಿದ್ದರೆ ಬ್ರೆಜಿಲ್ ಕಥೆಯೂ ದೀಪಾ ಕಥೆಯ ಹಾಗೇ ಆಗುತ್ತಿತ್ತು. ಅವರು ಬಿಡಲಿಲ್ಲ. 2004ರ ಅಥೆನ್ಸ್‌ಗೆ ಪೂರ್ತಿ ತಂಡ ಕಳಿಸಿದರು. 2008ರಲ್ಲಿ ಬೀಜಿಂಗ್‌ನ ತಂಡ ಫೈನಲ್, ಎಂಟನೇ ಸ್ಥಾನ. ರೆಬೆಕಾ ಆಂಡ್ರಾಡೆ ಟೋಕಿಯೊದಲ್ಲಿ ವಾಲ್ಟ್ ಚಿನ್ನ ಗೆದ್ದರು. 2023ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ತಂಡಕ್ಕೆ ಬೆಳ್ಳಿ, 2024ರ ಪ್ಯಾರಿಸ್‌ನಲ್ಲಿ ತಂಡಕ್ಕೆ ಕಂಚು. 2001ರಿಂದ ಎಣಿಸಿದರೆ 23 ವರ್ಷ.

ಗಮನಿಸಬೇಕಾದದ್ದು ತಂಡ ಅನ್ನುವ ಮಾತು. ತಂಡವಾಗಿ ಆಡಬೇಕಾದರೆ ಬಾರ್ಸ್ ಬಲ್ಲವಳು ಬೇಕು, ಬೀಮ್ ಮೇಲೆ ನಡುಗದವಳು ಬೇಕು, ಒಬ್ಬಳಿಗೆ ಪೆಟ್ಟಾದರೆ ಇನ್ನೊಬ್ಬಳು ಬೇಕು. ಆಂಡ್ರಾಡೆಗೂ ಮಂಡಿಗೆ ಪದೇ ಪದೇ ಪೆಟ್ಟಾಗಿದೆ. ಅವರು ಚೇತರಿಸಿಕೊಳ್ಳುವಾಗ ಆಟ ನಿಲ್ಲಲಿಲ್ಲ, ಬೇರೆ ಹುಡುಗಿಯರು ಇದ್ದರು. ದೀಪಾ ಮಂಡಿಗೆ ಪೆಟ್ಟಾದಾಗ ಭಾರತದ ಜಿಮ್ನಾಸ್ಟಿಕ್ಸ್‌ಗೇ ಪೆಟ್ಟಾಯಿತು. ನಾವು ಹೋಲ್ಟ್ ಅವರನ್ನು ಕರೆಸಿದ್ದು ಒಂದು ಕ್ರೀಡಾಕೂಟಕ್ಕೆ. ಬ್ರೆಜಿಲ್ ಕರೆಸಿದ್ದು ಒಂದು ತಲೆಮಾರಿಗೆ.

ನಮ್ಮ ಕಡೆಗೆ ಬಂದರೆ

ಕರ್ನಾಟಕಕ್ಕೆ ಇದರಲ್ಲಿ ಏನಿದೆ? ಇದೆ ಅನ್ನುವುದು ನನ್ನ ನಂಬಿಕೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಈ ಎರಡು ಊರು ಮಲ್ಲಕಂಬಕ್ಕೆ ಹೆಸರುವಾಸಿ. ಕಂಬದ ಮೇಲೆ ತಲೆಕೆಳಗಾಗಿ ನಿಲ್ಲುವ, ಹಗ್ಗದ ಮೇಲೆ ಮೈ ತಿರುಗಿಸುವ ಮಕ್ಕಳು ಅಲ್ಲಿದ್ದಾರೆ. ಹಿಡಿತ ಇದೆ, ಮೈ ಬಾಗುತ್ತದೆ, ಎತ್ತರದ ಹೆದರಿಕೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳನ್ನು ಕಳಿಸುವ ಮನೆಗಳಿವೆ. 1960ರ ದಶಕದಲ್ಲಿ ಅಗರ್ತಲಾದ ವ್ಯಾಯಾಮ ಸಂಘಗಳಲ್ಲಿ ಇದ್ದದ್ದೂ ಇದೇ ಅಲ್ವಾ?

ಮಲ್ಲಕಂಬವನ್ನು ಬಿಡಿಸಿ ಜಿಮ್ನಾಸ್ಟಿಕ್ಸ್‌ಗೆ ಎಳೆಯಬೇಕು ಅಂತ ನಾನು ಹೇಳುತ್ತಿಲ್ಲ. ಮಲ್ಲಕಂಬಕ್ಕೆ ಅದರದ್ದೇ ಘನತೆ ಇದೆ, ಖೇಲೋ ಇಂಡಿಯಾದಲ್ಲಿ ಈಗ ಜಾಗವೂ ಇದೆ. ಅದೇ ಊರಲ್ಲಿ, ಅದೇ ಸಂಜೆ ಹೊತ್ತಿನಲ್ಲಿ, ಪಕ್ಕದಲ್ಲೇ ಒಂದು ಜಿಮ್ನಾಸ್ಟಿಕ್ಸ್ ಹಾಲ್ ಇರಲಿ. ಪಟಿಯಾಲದ ಕ್ರೀಡಾ ಸಂಸ್ಥೆಯಲ್ಲಿ ಡಿಪ್ಲೊಮಾ ಮುಗಿಸಿದ ಒಬ್ಬ ಕೋಚ್, ಒಬ್ಬ ಮಹಿಳಾ ಕೋಚ್, ಇಬ್ಬರೂ ಕಾಯಂ ಹುದ್ದೆಯಲ್ಲಿ. ವರ್ಷ ವರ್ಷ ನವೀಕರಿಸುವ ಗುತ್ತಿಗೆ ಬೇಡ. ಮೊದಲು ಫೋಮ್ ಪಿಟ್, ಆಮೇಲೆ ಉಳಿದದ್ದು. ನೆಲದಲ್ಲಿ ಗುಂಡಿ ತೋಡಿ, ಗೋಡೆ ಕಟ್ಟಿ, ಸ್ಪಂಜ್ ತುಂಬುವ ಕೆಲಸ ಅದು. ವಿದೇಶದಿಂದ ತರಿಸಬೇಕಾದ ಯಂತ್ರ ಅಲ್ಲ. ಬಾರ್ಸ್ ಎರಡು ಸೆಟ್ ಇರಲಿ, ಯಾಕೆ ಅಂತ ಮೇಲೆ ಹೇಳಿದ್ದೇನೆ. ಬೀಮ್‌ಗೆ ಶುರುವಿನಲ್ಲಿ ನೆಲದಿಂದ ಅರ್ಧ ಅಡಿ ಎತ್ತರದ, 10 ಸೆಂಟಿಮೀಟರ್ ಅಗಲದ ಮರದ ತೊಲೆ ಸಾಕು. ಹತ್ತು ಮಕ್ಕಳು ಹತ್ತು ತೊಲೆ ಮೇಲೆ ನಡೆಯಲಿ. ಪಿಟಿ ಮೇಷ್ಟ್ರಿಗೆ ಬೇಸಿಗೆ ರಜೆಯಲ್ಲಿ ತರಬೇತಿ ಕೊಟ್ಟರೆ ಸುತ್ತಲಿನ ಶಾಲೆಗಳಲ್ಲಿ ಮುಂದಕ್ಕೆ ಲಾಗ, ಹಿಂದಕ್ಕೆ ಲಾಗ, ಕೈ ಮೇಲೆ ನಿಲ್ಲುವುದು, ಇಷ್ಟನ್ನು ಅವರೇ ಹೇಳಿಕೊಡಬಹುದು. ಮಕ್ಕಳನ್ನು ಗುರುತಿಸುವುದು ಅಲ್ಲಿಂದಲೇ.

ಪೋಷಕರ ಹತ್ತಿರ ಮುಚ್ಚುಮರೆ ಬೇಡ. ಪೆಟ್ಟು ಬೀಳುತ್ತದೆ. ಕಡಿಮೆ ಮಾಡುವ ದಾರಿ ಇದೆ, ಅದಕ್ಕೆ ದುಡ್ಡು ಬೇಕು ಅಂತ ನೇರವಾಗಿ ಹೇಳಬೇಕು. ಹತ್ತು ವರ್ಷ ಕಲಿತ ಹುಡುಗಿ ಪದಕ ಗೆಲ್ಲದಿದ್ದರೂ ಅವಳಿಗೆ ಕೋಚ್ ಆಗುವ ದಾರಿ ಇರಬೇಕು. ಅಗರ್ತಲಾದಲ್ಲಿ ಸೋಮಾ ನಂದಿ ಇದ್ದದ್ದರಿಂದಲೇ ಆರು ವರ್ಷದ ದೀಪಾ ಬಂದದ್ದು.

ಭಾರತ 2036ರ ಒಲಿಂಪಿಕ್ಸ್ ನಡೆಸುವ ಆಸೆ ಇಟ್ಟುಕೊಂಡಿದೆ, 2024ರಲ್ಲಿ ಅರ್ಜಿಯ ಮೊದಲ ಪತ್ರವನ್ನೂ ಕಳಿಸಿದೆ. ಆ ವರ್ಷ 16 ತುಂಬಬೇಕಾದರೆ ಹುಡುಗಿ 2020ರ ಡಿಸೆಂಬರ್ ಒಳಗೆ ಹುಟ್ಟಿರಬೇಕು. ಅಂದರೆ ಆ ತಂಡದ ಅತಿ ಚಿಕ್ಕ ಹುಡುಗಿಯೂ ಈಗಾಗಲೇ ಹುಟ್ಟಿದ್ದಾಳೆ. ಸೇರುವ ವಯಸ್ಸೂ ಬಂದಿದೆ. ತುಳಸಿಗೇರಿಯಲ್ಲೋ, ಅಗರ್ತಲಾದಲ್ಲೋ, ಪಿಂಗ್ಲಾದಲ್ಲೋ ಯುಕೆಜಿ ಅಥವಾ ಒಂದನೇ ಕ್ಲಾಸಿನಲ್ಲಿದ್ದಾಳೆ. ಜಿಲ್ಲೆಗಳಲ್ಲಿ ಕೋಚ್ ನೇಮಕದ ಕಡತ ಸರ್ಕಾರದ ಮೇಜಿನಿಂದ ಮೇಲೇಳಬೇಕಾದದ್ದು ಈ ವರ್ಷ. 2030ಕ್ಕೆ ಎದ್ದರೆ ಆ ಹುಡುಗಿಗೆ ಹತ್ತಾಗಿರುತ್ತದೆ, 2036ಕ್ಕೆ ಉಳಿಯುವುದು ಆರೇ ವರ್ಷ.